ಅರ್ಧ ಟಿಕೆಟಿನ ಲೆಕ್ಕ

‘ಅರ್ಧ ಟಿಕೆಟು’ ಎಂದೊಡನೆ ಯಾರಿಗಾದರೂ ನೆನಪಾಗುವುದು ತಾಯಿಯ ಸೆರಗು ಹಿಡಿದು ಬಸ್ಸು ಹತ್ತುವ ಮಗು. ಮಗುವಿನ ವಯಸ್ಸು ಮೀರಿತೋ ಇಲ್ಲವೋ ಎಂಬ ಚರ್ಚೆ, ಕಂಡಕ್ಟರನ ಸಂದೇಹ, ತಾಯಿಯ ಸಮಜಾಯಿಷಿ, ಸುತ್ತಲಿನವರ ನಗು: ಇವೆಲ್ಲ ಬಸ್ಸಿನ ಪ್ರಯಾಣದ ಹಳೆಯ ವಿನೋದಗಳು. ಮಗುವಿಗೆ ಅರ್ಧ, ದೊಡ್ಡವರಿಗೆ ಪೂರ್ತಿ. ಈ ನ್ಯಾಯವನ್ನು ಪ್ರಶ್ನಿಸುವವರಿಲ್ಲ. ವೃದ್ಧರಿಗೆ ರಿಯಾಯಿತಿ, ವಿದ್ಯಾರ್ಥಿಗಳಿಗೆ ಪಾಸು, ಅಂಗವಿಕಲರಿಗೆ ವಿನಾಯಿತಿ. ಇವನ್ನೂ ಲೋಕ ಒಪ್ಪಿಕೊಂಡಿದೆ. ಆದರೆ ನಲವತ್ತು ವರ್ಷದ, ಮೈಯಲ್ಲಿ ಕಸುವಿರುವ, ದುಡಿದು ಉಣ್ಣುವ ಮನುಷ್ಯನೊಬ್ಬನು, “ನನ್ನ ವಯಸ್ಸೇನೋ ಪೂರ್ತಿ, ಸಂಪಾದನೆ ಮಾತ್ರ ಅರ್ಧ, ನನಗೂ ಅರ್ಧ ಟಿಕೆಟು ಕೊಡಿ” ಎಂದು ಕೇಳಿದರೆ ಅವನಿಗೆ ಕೊಡುವ ಉತ್ತರವೇನು?

ಪ್ರಶ್ನೆ ಸರಳವೆಂದು ತೋರಬಹುದು. ಆದರೆ ಜಗತ್ತಿನ ಶ್ರೀಮಂತ ದೇಶವೆಂದು ಹೆಸರಾದ ಅಮೆರಿಕದ ಹಲವು ಮಹಾನಗರಗಳನ್ನು ಇದು ವರ್ಷಗಟ್ಟಲೆ ಕಾಡಿದೆ. ದರ ಇಳಿಸಲು ಹಣ ಬೇಕು. ಎಷ್ಟು ಹಣ ಬೇಕೆಂದು ತಿಳಿಯಲು ಅಧ್ಯಯನ ಬೇಕು. ಆ ಅಧ್ಯಯನಕ್ಕೂ ಯಾರಾದರೂ ಹಣ ಕೊಡಬೇಕು. ಈ ಮೂರು ಬೇಕುಗಳ ನಡುವೆ ಬಡ ಪ್ರಯಾಣಿಕನು ನಿಲ್ದಾಣದಲ್ಲಿ ಕಾಯುತ್ತಲೇ ನಿಂತಿರುತ್ತಾನೆ. ಅಮೆರಿಕದ ಪೂರ್ವ ಕರಾವಳಿಯ ಹಳೆಯ ನಗರವಾದ ಬಾಸ್ಟನ್ನಿನ ಕಥೆ ಇದಕ್ಕೆ ಒಳ್ಳೆಯ ನಿದರ್ಶನ. ಲೆಕ್ಕವೊಂದು ಎಷ್ಟು ಉಪಕಾರ ಮಾಡಬಲ್ಲದು, ಲೆಕ್ಕ ಕೈಗೆ ಬಂದ ಮೇಲೂ ಎಷ್ಟು ಕಾಲ ವ್ಯರ್ಥವಾಗಬಲ್ಲದು ಎಂಬ ಎರಡು ಪಾಠಗಳೂ ಅದರಲ್ಲಿವೆ.

ಐದು ಸೆಂಟಿನ ಹಾಡು

ಬಾಸ್ಟನ್ನಿಗೂ ನಗರ ಸಾರಿಗೆಗೂ ಇರುವ ನಂಟು ಬಹು ಹಳೆಯದು. ಅಮೆರಿಕದ ಮೊಟ್ಟಮೊದಲ ಸುರಂಗ ರೈಲುಮಾರ್ಗ ಅಲ್ಲಿಯ ಟ್ರೆಮಾಂಟ್ ಬೀದಿಯ ಅಡಿಯಲ್ಲಿ 1897ರ ಸೆಪ್ಟೆಂಬರ್ 1ರಂದು ತೆರೆಯಿತು. ಪ್ರಯಾಣದರವನ್ನು ಕುರಿತ ಜಗಳವೂ ಆ ಊರಿಗೆ ಹೊಸದಲ್ಲ. 1949ರಲ್ಲಿ ವಾಲ್ಟರ್ ಓಬ್ರಿಯನ್ ಎಂಬಾತನು ಅಲ್ಲಿಯ ಮೇಯರ್ ಪದವಿಗೆ ಸ್ಪರ್ಧಿಸಿದಾಗ ದರ ಏರಿಕೆಯ ವಿರೋಧವನ್ನೇ ತನ್ನ ಪ್ರಚಾರದ ವಿಷಯವಾಗಿ ಮಾಡಿಕೊಂಡನು. ರೇಡಿಯೋ ಪ್ರಚಾರಕ್ಕೆ ಅವನಲ್ಲಿ ಹಣವಿರಲಿಲ್ಲ. ಜಾಕ್ವೆಲಿನ್ ಸ್ಟೈನರ್ ಮತ್ತು ಬೆಸ್ ಲೋಮ್ಯಾಕ್ಸ್ ಹಾಸ್ ಎಂಬ ಇಬ್ಬರು ಮಹಿಳೆಯರು ಅವನಿಗಾಗಿ ಒಂದು ಹಾಡು ಕಟ್ಟಿಕೊಟ್ಟರು. ಧ್ವನಿವರ್ಧಕ ಕಟ್ಟಿದ ಲಾರಿಯೊಂದು ಅದನ್ನು ಬೀದಿಬೀದಿಯಲ್ಲಿ ಸಾರುತ್ತ ಹೋಯಿತು. ಹಾಡಿನ ನಾಯಕ ಚಾರ್ಲಿ. ರೈಲು ಹತ್ತಿದ ಮೇಲೆ, ಇಳಿಯುವಾಗ ತೆರಬೇಕಾದ ಹೆಚ್ಚುವರಿ ಐದು ಸೆಂಟು ಅವನ ಜೇಬಿನಲ್ಲಿರುವುದಿಲ್ಲ. ಅದಿಲ್ಲದ್ದರಿಂದ ಆ ಬಡಪಾಯಿ ಎಂದೆಂದಿಗೂ ರೈಲಿನಲ್ಲೇ ಸುತ್ತುತ್ತಿರುತ್ತಾನೆ.

ಓಬ್ರಿಯನ್ ಚುನಾವಣೆಯಲ್ಲಿ ಸೋತನು. ಹಾಡು ಮಾತ್ರ ಗೆದ್ದಿತು. 1959ರಲ್ಲಿ ಕಿಂಗ್‌ಸ್ಟನ್ ಟ್ರಯೊ ಎಂಬ ಗಾಯಕರ ತಂಡ ಅದನ್ನು ಹಾಡಿ ಇಡೀ ದೇಶದಲ್ಲಿ ಪ್ರಸಿದ್ಧಗೊಳಿಸಿತು. 1964ರಲ್ಲಿ ಸ್ಥಾಪನೆಯಾದ ಮ್ಯಾಸಚೂಸೆಟ್ಸ್ ಬೇ ಸಾರಿಗೆ ಪ್ರಾಧಿಕಾರವು 2006ರ ಡಿಸೆಂಬರಿನಲ್ಲಿ ನಾಣ್ಯ ಟೋಕನ್ನುಗಳ ಬದಲಿಗೆ ಯಂತ್ರಕ್ಕೆ ಮುಟ್ಟಿಸುವ ಕಾರ್ಡನ್ನು ತಂದಿತು. ಅದಕ್ಕೆ ‘ಚಾರ್ಲಿ ಕಾರ್ಡ್’ ಎಂದೇ ನಾಮಕರಣವಾಯಿತು. ದರ ತೆರಲಾರದೆ ಸಿಕ್ಕಿಬಿದ್ದವನ ಹೆಸರನ್ನು ದರ ವಸೂಲಿಯ ಕಾರ್ಡಿಗೇ ಇಟ್ಟುದು ವಿಚಿತ್ರವೇ ಸರಿ.

ಆ ಕಾರ್ಡಿನಿಂದ ಕಳೆಯುವ ಮೊತ್ತವೂ ಏರುತ್ತಲೇ ಹೋಯಿತು. 2012ರ ಜುಲೈವರೆಗೆ ಸುರಂಗ ರೈಲಿನ ಒಂದು ಪ್ರಯಾಣಕ್ಕೆ 1 ಡಾಲರ್ 70 ಸೆಂಟು ಇದ್ದದ್ದು ಆ ತಿಂಗಳು 2 ಡಾಲರಾಯಿತು. 2014ರಲ್ಲಿ 2.10, 2016ರಲ್ಲಿ 2.25, 2019ರ ಜುಲೈಯಲ್ಲಿ 2.40. ಏಳು ವರ್ಷಗಳಲ್ಲಿ ನೂರಕ್ಕೆ ನಲವತ್ತರಷ್ಟು ಏರಿಕೆ! ಕೈತುಂಬ ಸಂಬಳ ತರುವವನಿಗೆ ಇದು ತಲೆನೋವೇ ಅಲ್ಲ. ಹೋಟೆಲಿನಲ್ಲಿ ಪಾತ್ರೆ ತೊಳೆಯುವವನಿಗೆ, ಕಚೇರಿಗಳ ನೆಲ ಒರೆಸಲು ರಾತ್ರಿಯ ಪಾಳಿಗೆ ಹೋಗುವವಳಿಗೆ, ಮುದುಕರ ಶುಶ್ರೂಷೆಗೆಂದು ಮನೆಯಿಂದ ಮನೆಗೆ ಅಲೆಯುವ ದಾದಿಗೆ ಇದೇ ದೊಡ್ಡ ಚಿಂತೆ.

ಬಡವನಿಗೇ ದುಬಾರಿ

ನಗರ ಸಾರಿಗೆಯ ದರಪಟ್ಟಿಯಲ್ಲಿ ಒಂದು ಸೂಕ್ಷ್ಮ ಅನ್ಯಾಯ ಅಡಗಿದೆ. ಅದು ಬಾಸ್ಟನ್ನಿನಲ್ಲಿ ಮಾತ್ರವಲ್ಲ, ತಿಂಗಳ ಪಾಸು ಇರುವ ಎಲ್ಲ ಊರುಗಳಲ್ಲೂ ಉಂಟು. ಬಾಸ್ಟನ್ನಿನಲ್ಲಿ ಬಸ್ಸಿಗೂ ಸುರಂಗ ರೈಲಿಗೂ ಸಲ್ಲುವ ತಿಂಗಳ ಪಾಸಿನ ಬೆಲೆ 90 ಡಾಲರ್ ಎಂದು ಗೊತ್ತಾದಾಗ, ಬಿಡಿ ಪ್ರಯಾಣದ ದರ 2.40 ಇತ್ತು. ತಿಂಗಳಲ್ಲಿ ಇಪ್ಪತ್ತು ದಿನ ಹೋಗಿ ಬರುವವನಿಗೆ ಬಿಡಿ ಟಿಕೆಟಿನ ಖರ್ಚು 96 ಡಾಲರ್. ಪಾಸು ಕೊಂಡರೆ ಆರು ಡಾಲರ್ ಉಳಿತಾಯ. ಮೇಲಾಗಿ ಸಂತೆಗೂ ಸಿನಿಮಾಕ್ಕೂ ನೆಂಟರ ಮನೆಗೂ ತಿರುಗುವುದು ಪುಕ್ಕಟೆ.

ಆದರೆ ಪಾಸಿನ 90 ಡಾಲರನ್ನು ತಿಂಗಳ ಮೊದಲೇ ಒಟ್ಟಿಗೆ ಎಣಿಸಬೇಕು. ತಿಂಗಳ ದಿನಸಿಯನ್ನು ಒಂದೇ ಸಲ ಮೂಟೆಯಲ್ಲಿ ತರಿಸುವ ಮನೆಗೂ, ದಿನದ ಕೂಲಿಯಲ್ಲಿ ದಿನದ ಅಕ್ಕಿಯನ್ನು ಅಳೆಸಿ ತರುವ ಮನೆಗೂ ಇರುವ ವ್ಯತ್ಯಾಸ ಎಲ್ಲ ಗೃಹಿಣಿಯರಿಗೂ ಗೊತ್ತು. ಬಿಡಿಯಾಗಿ ಕೊಳ್ಳುವವನೇ ಹೆಚ್ಚು ಬೆಲೆ ತೆರುವವನು. ಈ ವಾರ ಮೂರು ದಿನ ಕೆಲಸ, ಮುಂದಿನ ವಾರ ಐದು ದಿನ, ಆ ಮೇಲಿನ ವಾರ ಏನೋ ಎಂತೋ ಎಂಬಂಥ ಬದುಕಿನಲ್ಲಿ ತಿಂಗಳ ಪಾಸು ಕೊಳ್ಳುವ ಧೈರ್ಯ ಯಾರಿಗೆ ಬಂದೀತು? ಹೀಗಾಗಿ ಮೀಸಲು ಹಣವುಳ್ಳವನ ಪ್ರತಿ ಪ್ರಯಾಣ ಅಗ್ಗವಾಗುತ್ತದೆ. ಇಲ್ಲದವನ ಪ್ರತಿ ಪ್ರಯಾಣ ಪೂರ್ತಿ ಬೆಲೆಯದಾಗಿಯೇ ಉಳಿಯುತ್ತದೆ.

ಇದರ ಫಲ ಹಣದ ನಷ್ಟವಷ್ಟೇ ಅಲ್ಲ. ಕೆಲಸಕ್ಕೆ ಹೋಗುವುದು ಯಾರಿಗೂ ತಪ್ಪದು. ಆದ್ದರಿಂದ ಆ ಟಿಕೆಟನ್ನು ಹೇಗಾದರೂ ಕೊಳ್ಳುತ್ತಾರೆ. ಕಡಿತವಾಗುವುದು ಉಳಿದ ಪ್ರಯಾಣ. ವೈದ್ಯರನ್ನು ಕಾಣುವುದು ಮುಂದಿನ ತಿಂಗಳಿಗೆ ಹೋಗುತ್ತದೆ. ಅಗ್ಗದ ತರಕಾರಿ ಸಿಕ್ಕುವ ದೂರದ ಅಂಗಡಿಯ ಬದಲು ಹತ್ತಿರದ ದುಬಾರಿ ಅಂಗಡಿಯೇ ಗತಿಯಾಗುತ್ತದೆ. ನ್ಯೂಯಾರ್ಕಿನ ಕಮ್ಯುನಿಟಿ ಸರ್ವಿಸ್ ಸೊಸೈಟಿ ಎಂಬ ಸಂಸ್ಥೆ 2016ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಆ ನಗರದ ದುಡಿಯುವ ವಯಸ್ಸಿನ ಬಡವರಲ್ಲಿ ನಾಲ್ವರಿಗೊಬ್ಬರು ಬಸ್ಸು-ರೈಲಿನ ದರವನ್ನು ತೆರಲು ಆಗಾಗ ಅಸಮರ್ಥರಾಗುತ್ತಿದ್ದರು. ಜಗತ್ತಿನ ಸಿರಿಯ ಶಿಖರಗಳಲ್ಲೊಂದಾದ ನಗರದ ಸ್ಥಿತಿಯೇ ಹೀಗಿತ್ತು.

ಲೆಕ್ಕವಿಲ್ಲದೆ ಹಣವಿಲ್ಲ

ಹಾಗಾದರೆ ದರ ಇಳಿಸಿಬಿಡಬಹುದಲ್ಲ, ಅಧ್ಯಯನ ಏತಕ್ಕೆ? ಹೀಗೆ ಕೇಳುವವರುಂಟು. ಆದರೆ ಸಾರಿಗೆ ಸಂಸ್ಥೆಯ ಹಣಕಾಸು ಅಧಿಕಾರಿಯ ಮೇಜಿನ ಮೇಲೆ ಬಂದಾಗ ದಯೆಯ ಮಾತೂ ಅಂಕಿಯಾಗಬೇಕಾಗುತ್ತದೆ. ಅವನು ಮುಖ್ಯವಾಗಿ ನಾಲ್ಕು ಪ್ರಶ್ನೆ ಕೇಳುತ್ತಾನೆ. ರಿಯಾಯಿತಿಗೆ ಅರ್ಹರಾದವರು ಎಷ್ಟು ಮಂದಿ? ಅವರಲ್ಲಿ ಎಷ್ಟು ಮಂದಿ ಅರ್ಜಿ ಹಾಕಿಯಾರು? ದರ ಇಳಿದರೆ ಅವರು ಎಷ್ಟು ಹೆಚ್ಚು ಪ್ರಯಾಣ ಮಾಡಿಯಾರು? ಅವರ ಬಡತನವನ್ನು ಪರಿಶೀಲಿಸುವ ಕಚೇರಿಯ ಖರ್ಚೆಷ್ಟು?

ಈ ನಾಲ್ಕರಲ್ಲಿ ಮೂರನೆಯದೇ ಬಲು ಕಠಿಣ. ಒಂದು ಉದಾಹರಣೆ ನೋಡಬಹುದು. ಒಬ್ಬನು 2.40 ಡಾಲರಿನಂತೆ ನೂರು ಪ್ರಯಾಣ ಮಾಡಿದರೆ ಸಂಸ್ಥೆಗೆ ಬರುವುದು 240 ಡಾಲರ್. ದರ ಅರ್ಧವಾಗಿಯೂ ಅವನು ನೂರೇ ಪ್ರಯಾಣ ಮಾಡಿದರೆ ಬರುವುದು 120. ಸಂಸ್ಥೆಗೆ ಅರ್ಧದಷ್ಟು ನಷ್ಟ. ಪ್ರಯಾಣ ಇಮ್ಮಡಿಯಾದರೆ ನಷ್ಟವೇ ಇಲ್ಲ. ನಿಜವು ಇವೆರಡರ ನಡುವೆ ಎಲ್ಲೋ ಇದೆ. ಎಲ್ಲಿ ಎಂಬುದನ್ನು ಕುರ್ಚಿಯಲ್ಲಿ ಕುಳಿತು ಊಹಿಸಿ ಹೇಳಲಾಗದು.

ಇನ್ನೊಂದು ಗಂಟೂ ಉಂಟು. ಬಾಸ್ಟನ್ ನಗರದ ಬಸ್ಸು-ರೈಲುಗಳು ನಗರಸಭೆಯ ಕೈಯಲ್ಲಿಲ್ಲ. ಅವನ್ನು ನಡೆಸುವ ಪ್ರಾಧಿಕಾರ ರಾಜ್ಯಕ್ಕೆ ಸೇರಿದ್ದು. ಮೇಯರ್ ಮನಸ್ಸು ಮಾಡಿದ ಮಾತ್ರಕ್ಕೆ ದರ ಇಳಿಯದು. ಪ್ರಾಧಿಕಾರವು ರಾಜ್ಯದ ಶಾಸಕಾಂಗದತ್ತ ನೋಡಬೇಕು. ಶಾಸಕಾಂಗವು ರಾಜ್ಯಪಾಲರತ್ತ ನೋಡಬೇಕು. (ಅಲ್ಲಿ ರಾಜ್ಯಪಾಲರೆಂದರೆ ಜನರಿಂದ ಆಯ್ಕೆಯಾದ ಆಡಳಿತ ಮುಖ್ಯಸ್ಥರು.) ಎಲ್ಲರೂ ಕೇಳುವುದು ಒಂದೇ ಮಾತು: “ಅಂಕಿ ಎಲ್ಲಿದೆ?” ಇಂಥ ಸ್ಥಿತಿಯಲ್ಲಿ ಅಧ್ಯಯನಕ್ಕೆಂದು ಒಂದಷ್ಟು ಹಣ ಬೇಡುವುದು ಕಾಲಹರಣದ ಉಪಾಯವಾಗಿ ಕಾಣಬಹುದು. ಆದರೆ ಬಾಗಿಲು ತೆರೆಯುವ ಬೀಗದ ಕೈ ಬಹಳ ಸಲ ಅದೇ ಆಗಿರುತ್ತದೆ.

ಚೀಟಿ ಎತ್ತಿದ ಪರೀಕ್ಷೆ

ಬಾಸ್ಟನ್ನಿನ ಪಕ್ಕದ ಕೇಂಬ್ರಿಜ್ ಪಟ್ಟಣದಲ್ಲಿ ಲೋಕಪ್ರಸಿದ್ಧವಾದ ಮ್ಯಾಸಚೂಸೆಟ್ಸ್ ತಂತ್ರವಿಜ್ಞಾನ ಸಂಸ್ಥೆ ಇದೆ. ಅಲ್ಲಿ ನಗರ ಯೋಜನೆಯ ಸಂಶೋಧಕರಾಗಿದ್ದ ಜೆಫ್ರಿ ರೋಸೆನ್‌ಬ್ಲಮ್ ಮತ್ತು ಅವರ ಸಂಗಡಿಗರು ಈ ಅಂಕಿಯನ್ನು ಹುಡುಕುವ ಕೆಲಸ ಕೈಗೊಂಡರು. ಸರಕಾರದ ಆಹಾರ ನೆರವನ್ನು ಪಡೆಯುತ್ತಿದ್ದ ಸುಮಾರು 240 ಮಂದಿಯನ್ನು ಪರೀಕ್ಷೆಗೆ ಸೇರಿಸಿಕೊಂಡರು.

ಈ ಪರೀಕ್ಷೆಯ ಗುಟ್ಟು ಅದರ ಹಂಚಿಕೆಯಲ್ಲಿದೆ. ಕೇಳಿದವರಿಗೆಲ್ಲ ರಿಯಾಯಿತಿ ಕೊಟ್ಟು, ಅವರ ಪ್ರಯಾಣವನ್ನು ಎಣಿಸಿದರೆ ಲೆಕ್ಕ ಸುಳ್ಳಾಗುತ್ತದೆ. ಏಕೆಂದರೆ ರಿಯಾಯಿತಿ ಕೇಳಿ ಬರುವವರು ಮೊದಲೇ ಹೆಚ್ಚು ತಿರುಗಾಡುವವರಾಗಿರಬಹುದು. ಕಳೆದ ವರ್ಷದ ಎಣಿಕೆಯೊಡನೆ ಹೋಲಿಸಿದರೂ ಸಾಲದು. ಈ ನಡುವೆ ಅವರ ಉದ್ಯೋಗವೋ ಮನೆಯೋ ಬದಲಾಗಿರಬಹುದು. ಆದ್ದರಿಂದ ಚೀಟಿ ಎತ್ತಿದಂತೆ, ಯಾರ ಮುಖವನ್ನೂ ನೋಡದೆ, ಜನರನ್ನು ಎರಡು ಗುಂಪಾಗಿ ವಿಂಗಡಿಸಲಾಯಿತು. ಒಂದು ಗುಂಪಿನವರಿಗೆ ಅರ್ಧ ದರದ ಚಾರ್ಲಿ ಕಾರ್ಡು. ಇನ್ನೊಂದು ಗುಂಪಿನವರಿಗೆ ಪೂರ್ತಿ ದರದ್ದು. ಎರಡು ಗುಂಪಿನ ಬಡತನವೂ ಒಂದೇ, ಊರೂ ಒಂದೇ, ಹವೆಯೂ ಒಂದೇ. ಬೇರೆಯಾದದ್ದು ದರ ಮಾತ್ರ. ಹೊಸ ಔಷಧಿಯ ಗುಣವನ್ನು ವೈದ್ಯರು ಪರೀಕ್ಷಿಸುವ ಕ್ರಮವೂ ಇದೇ.

ಕಾರ್ಡು ಎಷ್ಟು ಸಲ ಯಂತ್ರವನ್ನು ಮುಟ್ಟಿತೆಂಬುದು ತಾನಾಗಿಯೇ ದಾಖಲಾಯಿತು. ಎಲ್ಲಿಗೆ ಹೋದರು, ಏತಕ್ಕೆ ಹೋದರು ಎಂಬುದನ್ನು ಪ್ರಯಾಣಿಕರೇ ತಿಳಿಸಿದರು. ಫಲಿತಾಂಶ 2019ರ ಜೂನ್ ತಿಂಗಳಿನಲ್ಲಿ ಪ್ರಕಟವಾಯಿತು.

ನೂರಕ್ಕೆ ಮೂವತ್ತು

ಅರ್ಧ ದರ ಪಡೆದವರು ಪಡೆಯದವರಿಗಿಂತ ನೂರಕ್ಕೆ ಸುಮಾರು ಮೂವತ್ತರಷ್ಟು ಹೆಚ್ಚು ಪ್ರಯಾಣ ಮಾಡಿದ್ದರು. ಹೆಚ್ಚಿದ ಪ್ರಯಾಣಗಳಲ್ಲಿ ಎದ್ದು ಕಂಡವು ಯಾವುವು? ಆಸ್ಪತ್ರೆ ಹಾಗೂ ಚಿಕಿತ್ಸಾಲಯಗಳಿಗೆ ಹೋದವು, ಮತ್ತು ಸಾಮಾಜಿಕ ನೆರವಿನ ಕಚೇರಿಗಳಿಗೆ ಹೋದವು.

ಈ ಮೂವತ್ತು ಎಂಬ ಅಂಕಿಯನ್ನು ಎರಡು ಕಡೆಯಿಂದ ಓದಬಹುದು. ಖಜಾನೆಯವನು ಓದುವ ಬಗೆ ಹೀಗೆ: ನೂರು ಪ್ರಯಾಣ ನೂರ ಮೂವತ್ತಾಯಿತು, ದರ 1.20 ಆಯಿತು, ಬಂದದ್ದು 156 ಡಾಲರ್, ಮೊದಲು ಬರುತ್ತಿದ್ದುದು 240. ಆದುದರಿಂದ ನಷ್ಟ ನೂರಕ್ಕೆ ಮೂವತ್ತೈದು. ಅರ್ಧದಷ್ಟು ನಷ್ಟವಾದೀತೆಂಬ ಹೆದರಿಕೆ ಸುಳ್ಳಾಯಿತು. ನಷ್ಟವೇ ಇಲ್ಲವೆಂಬ ಆಸೆಯೂ ಸುಳ್ಳಾಯಿತು. ಆ ಮೂವತ್ತೈದನ್ನು ಬೇರೆಲ್ಲಿಂದಲಾದರೂ ತುಂಬಲೇಬೇಕು. ಮಧ್ಯಾಹ್ನದ ಹೊತ್ತು ಅರೆಬರೆ ತುಂಬಿ ಓಡುವ ಬಸ್ಸಿಗೆ ಇನ್ನೂ ಹತ್ತು ಮಂದಿ ಹತ್ತಿದರೆ ಸಂಸ್ಥೆಗೆ ಹೆಚ್ಚಿನ ಖರ್ಚೇನೂ ಬಾರದು. ಬಸ್ಸು ಹೇಗೂ ಓಡಬೇಕಾದದ್ದೇ. ಬೆಳಗಿನ ನೂಕುನುಗ್ಗಲಿನಲ್ಲಿ ಹತ್ತು ಮಂದಿ ಹೆಚ್ಚಾದರೆ ಮಾತ್ರ ಹೊಸ ಬಸ್ಸು, ಹೊಸ ಚಾಲಕ ಬೇಕಾದಾರು. ಈ ಭೇದವನ್ನೂ ಲೆಕ್ಕದಲ್ಲಿ ಹಿಡಿಯಬೇಕು.

ಇನ್ನೊಂದು ಓದುವ ಬಗೆ ಮನೆಯವರದು. ದರ ಅರ್ಧವಾದ ಕೂಡಲೆ ಆಸ್ಪತ್ರೆಯ ದಾರಿ ಹಿಡಿದವರು ಅದಕ್ಕೆ ಮೊದಲು ಆರೋಗ್ಯವಂತರಾಗಿದ್ದರೇ? ಇಲ್ಲ. ಕಾಯಿಲೆ ಮೊದಲೂ ಇತ್ತು, ಹೋಗಲು ದುಡ್ಡಿರಲಿಲ್ಲ. ನೋವನ್ನು ನುಂಗಿಕೊಂಡು ಮನೆಯಲ್ಲಿ ಕುಳಿತಿದ್ದರು. ಹೋಗದೆ ಬಿಟ್ಟ ಪ್ರಯಾಣವನ್ನು ಯಾವ ಯಂತ್ರವೂ ದಾಖಲಿಸುವುದಿಲ್ಲ. ಸಾರಿಗೆ ಸಂಸ್ಥೆಯ ವಾರ್ಷಿಕ ವರದಿಯಲ್ಲಿ ಅದಕ್ಕೆ ಅಂಕಣವಿಲ್ಲ. ಚೀಟಿ ಎತ್ತಿದ ಈ ಪುಟ್ಟ ಪರೀಕ್ಷೆ ಕಣ್ಣಿಗೆ ಕಾಣದ ಆ ಪ್ರಯಾಣಗಳನ್ನು ಕಾಣುವಂತೆ ಮಾಡಿತು.

ಬೇರೆ ಊರುಗಳ ಅನುಭವ

ಈ ದಾರಿಯಲ್ಲಿ ಬಾಸ್ಟನ್ ಒಂಟಿಯಲ್ಲ. ಪಶ್ಚಿಮ ಕರಾವಳಿಯ ಸಿಯಾಟಲ್ ನಗರವನ್ನೊಳಗೊಂಡ ಕಿಂಗ್ ಕೌಂಟಿಯು 2015ರ ಮಾರ್ಚ್ 1ರಂದೇ ಬಡವರಿಗೆ ‘ಓರ್ಕಾ ಲಿಫ್ಟ್’ ಎಂಬ ರಿಯಾಯಿತಿ ಕಾರ್ಡನ್ನು ತಂದಿತ್ತು. ಅದೇ ದಿನ ಸಾಮಾನ್ಯ ಪ್ರಯಾಣಿಕರ ದರ 25 ಸೆಂಟು ಏರಿತು. ಬಡವರ ದರ ಒಂದೂವರೆ ಡಾಲರಿಗೆ ನಿಂತಿತು. ದರ ಏರಿಸಲೇಬೇಕಾದ ದಿನ ಕೈಲಾಗದವರಿಗೆ ಕೊಡೆ ಹಿಡಿಯುವ ಜಾಣತನ ಇದರಲ್ಲಿತ್ತು. ಸರಕಾರ ಗೊತ್ತುಮಾಡಿದ ಬಡತನದ ಗೆರೆಯ ಎರಡು ಪಟ್ಟಿಗಿಂತ ಕಡಮೆ ವರಮಾನವುಳ್ಳ ಮನೆಯವರು ಇದಕ್ಕೆ ಅರ್ಹರು. ಅರ್ಜಿ ಸ್ವೀಕರಿಸಲು ಹೊಸ ಕಚೇರಿಗಳನ್ನು ಕಟ್ಟಲಿಲ್ಲ; ಬಡವರನ್ನು ಆರೋಗ್ಯ ವಿಮೆಗೆ ನೋಂದಾಯಿಸುತ್ತಿದ್ದ ಸಿಬ್ಬಂದಿಗೇ ಈ ಕೆಲಸವನ್ನೂ ವಹಿಸಿದರು. ವಿಮೆಗೆಂದು ಬಂದವನ ವರಮಾನದ ಕಾಗದ ಹೇಗೂ ಮೇಜಿನ ಮೇಲಿರುತ್ತದೆ. ಬಸ್ಸಿನ ಕಾರ್ಡಿಗಾಗಿ ಅವನು ಮತ್ತೊಂದು ಬಾಗಿಲು ತಟ್ಟಬೇಕಾಗಿಲ್ಲ. 2022ರಲ್ಲಿ ಆ ದರವನ್ನು ಒಂದು ಡಾಲರಿಗೆ ಇಳಿಸಲಾಯಿತು.

ನ್ಯೂಯಾರ್ಕಿನ ಅನುಭವ ಇನ್ನೊಂದು ಎಚ್ಚರಿಕೆ ಕೊಡುತ್ತದೆ. 2016ರ ವರದಿಯ ಬೆನ್ನಿಗೆ ನಡೆದ ಚಳವಳಿಯಿಂದಾಗಿ 2018ರ ಜೂನ್‌ನಲ್ಲಿ ನಗರವು 10 ಕೋಟಿ 60 ಲಕ್ಷ ಡಾಲರ್ ತೆಗೆದಿರಿಸಿತು. 2019ರ ಜನವರಿಯಲ್ಲಿ ‘ಫೇರ್ ಫೇರ್ಸ್’ ಹೆಸರಿನ ಅರ್ಧ ದರದ ಯೋಜನೆ ಆರಂಭವಾಯಿತು. ಆದರೆ ಅರ್ಹತೆಯ ಗೆರೆಯನ್ನು ಬಲು ಕೆಳಗೆ, ಬಡತನದ ಗೆರೆಯ ಮೇಲೆಯೇ, ಎಳೆದರು. ಒಂಟಿ ಮನುಷ್ಯನಿಗೆ ವರ್ಷಕ್ಕೆ 12,490 ಡಾಲರ್ ಮಿತಿ. ಗಂಟೆಗೆ 15 ಡಾಲರಿನ ಕನಿಷ್ಠ ಕೂಲಿಗೆ ವಾರಕ್ಕೆ 40 ಗಂಟೆಯಂತೆ ವರ್ಷವಿಡೀ ದುಡಿದವನ ಸಂಪಾದನೆ 31,200 ಡಾಲರ್. ಎಂದರೆ ಪೂರ್ಣಕಾಲ ದುಡಿಯುವ ಕೂಲಿಕಾರನೇ ಯೋಜನೆಯಿಂದ ಹೊರಗುಳಿದನು! ಅರ್ಹರಾದವರಲ್ಲೂ ಅರ್ಧಕ್ಕೂ ಹೆಚ್ಚು ಮಂದಿ ವರ್ಷಗಳು ಕಳೆದರೂ ನೋಂದಾಯಿಸಿಕೊಳ್ಳಲಿಲ್ಲ. ಮಿತಿಯನ್ನು ಆ ಮೇಲೆ ಹಂತಹಂತವಾಗಿ ಏರಿಸಬೇಕಾಯಿತು. ಔದಾರ್ಯವನ್ನು ಘೋಷಿಸಿದೊಡನೆ ಅದು ಬಡವನ ಕೈ ಸೇರಿತೆಂದು ತಿಳಿಯಬಾರದು.

ಉಚಿತವೋ, ಅರ್ಧವೋ?

ವರಮಾನದ ಪರಿಶೀಲನೆ ಇಷ್ಟು ತೊಡಕಿನದಾದರೆ ಎಲ್ಲರಿಗೂ ಉಚಿತವಾಗಿಯೇ ಕೊಟ್ಟುಬಿಡಬಾರದೇಕೆ ಎಂಬ ವಾದವೂ ಎದ್ದಿತು. ಬಾಸ್ಟನ್ನಿಗೆ ಉತ್ತರದಲ್ಲಿರುವ ಲಾರೆನ್ಸ್ ಎಂಬ ಶ್ರಮಿಕರ ಪಟ್ಟಣ 2019ರಲ್ಲಿ ತನ್ನ ಖಜಾನೆಯಿಂದ ಸುಮಾರು ಎರಡೂಕಾಲು ಲಕ್ಷ ಡಾಲರ್ ಕೊಟ್ಟು ಮೂರು ಬಸ್ ಮಾರ್ಗಗಳನ್ನು ಉಚಿತಗೊಳಿಸಿತು. ಬಾಸ್ಟನ್ ನಗರವೂ 2021ರ ಆಗಸ್ಟಿನಲ್ಲಿ 28ನೆಯ ಸಂಖ್ಯೆಯ ಬಸ್ಸನ್ನು ಪ್ರಾಯೋಗಿಕವಾಗಿ ಉಚಿತಗೊಳಿಸಿತು. ಮೇಯರ್ ಮಿಷೆಲ್ ವು ಅವರ ಕಾಲದಲ್ಲಿ, 2022ರ ಮಾರ್ಚ್ 1ರಿಂದ, 23 ಮತ್ತು 29ನೆಯ ಬಸ್ಸುಗಳೂ ಸೇರಿ ಮೂರು ಮಾರ್ಗಗಳು ಉಚಿತವಾದವು. ಎರಡು ವರ್ಷದ ಖರ್ಚಿಗೆಂದು ಕೇಂದ್ರ ಸರಕಾರದ ನೆರವಿನಿಂದ 80 ಲಕ್ಷ ಡಾಲರನ್ನು ನಗರ ತೆಗೆದಿರಿಸಿತು; 2024ರಲ್ಲಿ ಇನ್ನೆರಡು ವರ್ಷಕ್ಕೆ ಇದನ್ನು ಮುಂದುವರಿಸಲಾಯಿತು.

ಉಚಿತ ಬಸ್ಸಿನ ಸೊಗಸು ಅದರ ಸರಳತೆಯಲ್ಲಿದೆ. ಅರ್ಜಿ ಇಲ್ಲ, ಪ್ರಮಾಣಪತ್ರ ಇಲ್ಲ, ತನ್ನ ಬಡತನವನ್ನು ಅಪರಿಚಿತನ ಮುಂದೆ ಬಿಚ್ಚಿ ತೋರುವ ಸಂಕೋಚವೂ ಇಲ್ಲ. ಆದರೆ ಅದರ ಮಿತಿಯೂ ಸ್ಪಷ್ಟ. ಆ ಮೂರು ಬಸ್ಸುಗಳಿಂದ ಇಳಿದು ರೈಲನ್ನೋ ಬೇರೆ ಬಸ್ಸನ್ನೋ ಹತ್ತುವವನು ಅಲ್ಲಿ ದರ ತೆರಲೇಬೇಕಾಗಿತ್ತು. ಬೇರೆ ಬಡಾವಣೆಯ ಬಡವನಿಗೆ ಅದರಿಂದ ಪ್ರಯೋಜನವಿರಲಿಲ್ಲ. ಒಂದು ಮಾರ್ಗಕ್ಕೆ ಕೊಟ್ಟ ಉಪಕಾರ ಒಬ್ಬ ಮನುಷ್ಯನ ಜೊತೆ ನಡೆದುಬಾರದು.

ಕರ್ನಾಟಕದ ಓದುಗರಿಗೆ ಈ ಚರ್ಚೆ ಅಪರಿಚಿತವೇನಲ್ಲ. 2023ರ ಜೂನ್ 11ರಂದು ಇಲ್ಲಿ ಆರಂಭವಾದ ‘ಶಕ್ತಿ’ ಯೋಜನೆಯಲ್ಲಿ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಸರಕಾರಿ ಬಸ್ಸುಗಳು ಉಚಿತವಾದಾಗ, ವರಮಾನವನ್ನು ಯಾರೂ ಕೇಳಲಿಲ್ಲ. ವಿಳಾಸದ ಗುರುತುಚೀಟಿ ಸಾಕಾಯಿತು. ಉಳ್ಳವರಿಗೂ ಏಕೆ ಉಚಿತ ಎಂದು ಕೆಲವರು ಕೇಳಿದರು. ಬಾಸ್ಟನ್ನಿನ ದಾರಿ ಇದಕ್ಕೆ ವಿರುದ್ಧವಾದದ್ದು: ಗಂಡು-ಹೆಣ್ಣೆಂಬ ಭೇದವಿಲ್ಲ, ವರಮಾನದ ಭೇದ ಉಂಟು. ಒಂದರಲ್ಲಿ ಹಣ ಹೆಚ್ಚು ಹೋಗುತ್ತದೆ, ಜನರನ್ನು ತಲುಪುವುದು ಸುಲಭ. ಇನ್ನೊಂದರಲ್ಲಿ ಹಣ ಉಳಿಯುತ್ತದೆ, ತಲುಪುವುದು ಕಷ್ಟ.

ಐದು ವರ್ಷದ ಕಾಯುವಿಕೆ

ಅಂಕಿಯೇನೋ 2019ರಲ್ಲೇ ಸಿಕ್ಕಿತು. ಆದರೆ ಬಾಸ್ಟನ್ನಿನ ಬಡ ಪ್ರಯಾಣಿಕನ ಕೈಗೆ ಕಾರ್ಡು ಸಿಕ್ಕಿತೇ? ಶಾಸಕಾಂಗವು ಬಡವರ ದರದ ಪ್ರಸ್ತಾಪವನ್ನು ಮಸೂದೆಯೊಂದರಲ್ಲಿ ಸೇರಿಸಿತು. 2021ರ ಜನವರಿಯಲ್ಲಿ ರಾಜ್ಯಪಾಲ ಚಾರ್ಲಿ ಬೇಕರ್ ಅದನ್ನು ತಳ್ಳಿಹಾಕಿದರು. ಕಳೆದುಹೋಗುವ ವರಮಾನವನ್ನು ತುಂಬುವ ಯೋಜನೆ ಎಲ್ಲಿದೆ ಎಂಬುದು ಅವರ ಆಕ್ಷೇಪಣೆಯಾಗಿತ್ತು. ಆಕ್ಷೇಪಣೆಯಲ್ಲಿ ಹುರುಳಿಲ್ಲವೆನ್ನಲಾಗದು, ನೂರಕ್ಕೆ ಮೂವತ್ತೈದರ ಆ ಕೊರತೆ ಕಾಗದದ ಮೇಲೆ ಇದ್ದೇ ಇತ್ತು. ಆದರೆ ಕೊರತೆಯನ್ನು ತುಂಬುವ ದಾರಿ ಹುಡುಕುವುದರ ಬದಲು ಕೊರತೆಯನ್ನೇ ತೋರಿಸುತ್ತ ಕುಳಿತರೆ ಯಾವ ಅಧ್ಯಯನವೂ ಫಲ ಕೊಡದು.

ದಾರಿ ತೆರೆದದ್ದು ಜನರ ಮತದಿಂದ. 2022ರ ನವೆಂಬರಿನಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಮತದಾರರು, ವರ್ಷಕ್ಕೆ ಹತ್ತು ಲಕ್ಷ ಡಾಲರಿಗಿಂತ ಮೇಲ್ಪಟ್ಟ ವರಮಾನದ ಮೇಲೆ ನೂರಕ್ಕೆ ನಾಲ್ಕರ ಹೆಚ್ಚುವರಿ ತೆರಿಗೆಯನ್ನು ಒಪ್ಪಿದರು. ಅದರ ಹಣ ಶಿಕ್ಷಣಕ್ಕೂ ಸಾರಿಗೆಗೂ ಮೀಸಲು. ಮರು ವರ್ಷ ರಾಜ್ಯಪಾಲರಾದ ಮೌರಾ ಹೀಲಿ ಅವರ ಆಡಳಿತದಲ್ಲಿ, ಬಡವರ ದರವನ್ನು ಹೇಗೆ ಜಾರಿಗೆ ತರಬಹುದೆಂದು ಪರಿಶೀಲಿಸಿ ಸಿದ್ಧತೆ ನಡೆಸಲು ಈ ತೆರಿಗೆಯಿಂದ 50 ಲಕ್ಷ ಡಾಲರ್ ದೊರೆಯಿತು. ಅದರ ಮುಂದಿನ ವರ್ಷ ಜಾರಿಗಾಗಿ ಎರಡು ಕೋಟಿ ಡಾಲರ್ ಬಂದಿತು. 2024ರ ಮಾರ್ಚ್ 28ರಂದು ಪ್ರಾಧಿಕಾರದ ಮಂಡಳಿ ಒಪ್ಪಿಗೆ ನೀಡಿತು. ಸೆಪ್ಟೆಂಬರ್ 4ರಂದು ಯೋಜನೆ ಆರಂಭವಾಯಿತು.

26ರಿಂದ 64 ವರ್ಷದವರೆಗಿನ, ಬಡತನದ ಗೆರೆಯ ಎರಡು ಪಟ್ಟಿಗಿಂತ ಹೆಚ್ಚು ವರಮಾನವಿಲ್ಲದವರು ಅರ್ಹರಾದರು. ಕಿರಿಯರಿಗೂ ಹಿರಿಯರಿಗೂ ಅಂಗವಿಕಲರಿಗೂ ಮೊದಲೇ ಬೇರೆ ರಿಯಾಯಿತಿಗಳಿದ್ದವು. ಸುರಂಗ ರೈಲಿಗೆ 2.40ರ ಬದಲು 1.20, ಬಸ್ಸಿಗೆ 1.70ರ ಬದಲು 85 ಸೆಂಟು. 90 ಡಾಲರಿನ ತಿಂಗಳ ಪಾಸು 30ಕ್ಕೇ ದೊರೆಯಿತು. ವರ್ಷಕ್ಕೆ 720 ಡಾಲರಿನ ಉಳಿತಾಯ. ಆಹಾರ ನೆರವನ್ನೋ ಸರಕಾರಿ ಆರೋಗ್ಯ ವಿಮೆಯನ್ನೋ ಪಡೆಯುತ್ತಿರುವವರು ತಮ್ಮ ಬಡತನವನ್ನು ಮತ್ತೆ ರುಜುವಾತು ಪಡಿಸಬೇಕಾಗಿಲ್ಲವೆಂಬ ಏರ್ಪಾಡನ್ನೂ ಮಾಡಲಾಯಿತು. ಸುಮಾರು 63,000 ಮಂದಿಗೆ ಪ್ರಯೋಜನವಾದೀತು, ವರ್ಷಕ್ಕೆ 80 ಲಕ್ಷ ಪ್ರಯಾಣಗಳು ಹೆಚ್ಚಾದಾವು ಎಂದು ಪ್ರಾಧಿಕಾರ ಅಂದಾಜು ಮಾಡಿತು. ಯೋಜನೆ ಪೂರ್ಣ ಪ್ರಮಾಣಕ್ಕೆ ಬಂದಾಗ ವರ್ಷಕ್ಕೆ ಐದರಿಂದ ಆರು ಕೋಟಿ ಡಾಲರಿನಷ್ಟು ವೆಚ್ಚವೆಂಬ ಅಂದಾಜನ್ನೂ ಅದು ಮುಚ್ಚಿಡಲಿಲ್ಲ.

ಇಷ್ಟಾದರೂ ಗೆರೆಯೆಂಬುದು ಗೆರೆಯೇ. ಯೋಜನೆ ಆರಂಭವಾದ 2024ರಲ್ಲಿ ಒಂಟಿ ಮನುಷ್ಯನಿಗೆ ವರಮಾನದ ಮಿತಿ 30,120 ಡಾಲರ್. ಆ ರಾಜ್ಯದ ಕನಿಷ್ಠ ಕೂಲಿಯೂ ಗಂಟೆಗೆ 15 ಡಾಲರ್. ವರ್ಷವಿಡೀ ಪೂರ್ಣಕಾಲ ದುಡಿದರೆ 31,200. ನ್ಯೂಯಾರ್ಕಿನ ಕಂದಕ ಇಲ್ಲಿ ಬಹಳಮಟ್ಟಿಗೆ ಮುಚ್ಚಿತು. ಆದರೆ ಒಂಟಿಯಾಗಿ ಬಾಳುವ ಕೂಲಿಕಾರನು 1,080 ಡಾಲರಿನ ಅಂತರದಿಂದ ಇಲ್ಲೂ ಹೊರಗೆ ನಿಂತನು. ಮನೆಯಲ್ಲಿ ಒಂದು ಮಗುವಿದ್ದರೆ ಮಿತಿ 40,880ಕ್ಕೆ ಏರುತ್ತದೆ. ಅದೇ ಕೂಲಿಯ ತಂದೆಯೋ ತಾಯಿಯೋ ಒಳಗೆ ಬರುತ್ತಾರೆ. ಯಾರು ಒಳಗೆ, ಯಾರು ಹೊರಗೆ ಎಂಬುದನ್ನು ಕೂಲಿ ಏರಿದಾಗಲೂ ಬೆಲೆ ಏರಿದಾಗಲೂ ಮತ್ತೆ ಮತ್ತೆ ಅಳೆದು ನೋಡಬೇಕಾಗುತ್ತದೆ. ಆ ಅಳತೆಗೂ ಖರ್ಚುಂಟು.

ಬಡವರ ಪ್ರಯಾಣವನ್ನು ಕುರಿತು ಅಧ್ಯಯನ ಮಾಡಲು ಹಣ ಬೇಕೆಂದು ನಗರವೊಂದು ಕೈಚಾಚಿದಾಗ, “ಬಡತನ ಕಣ್ಣಿಗೆ ಕಾಣುವುದಿಲ್ಲವೇ, ಅದಕ್ಕೂ ಅಧ್ಯಯನವೇ?” ಎಂದು ಮೂಗು ಮುರಿಯುವವರು ಎಲ್ಲ ಕಡೆಯೂ ಇದ್ದಾರೆ. ಬಡತನ ಕಾಣುತ್ತದೆ, ನಿಜ. ಹತ್ತದೆ ಬಿಟ್ಟ ಬಸ್ಸು, ಕಾಣದೆ ಉಳಿದ ವೈದ್ಯರು ಕಾಣುವುದಿಲ್ಲ. ಅವನ್ನು ಕಾಣಿಸಲು ಬಾಸ್ಟನ್ನಿಗೆ 240 ಮಂದಿಯ ಸಹಕಾರ ಸಾಕಾಯಿತು. ಕಂಡದ್ದನ್ನು ಕಾರ್ಡಾಗಿಸಲು ಮಾತ್ರ ಐದು ವರ್ಷ ಬೇಕಾಯಿತು. ಆ ಐದು ವರ್ಷಗಳಲ್ಲಿ ಪೂರ್ತಿ ಟಿಕೆಟು ಕೊಂಡವರಿಗೆ, ಕೊಳ್ಳಲಾರದೆ ಮನೆಯಲ್ಲೇ ಉಳಿದವರಿಗೆ, ಹಣ ಹಿಂದಿರುಗಿಸುವ ಏರ್ಪಾಡು ಯಾವ ಊರಿನಲ್ಲೂ ಇಲ್ಲ.